ಮೂರು ಮಹಡಿಯ ಯಜಮಾನ, ಒಂದು ಕೋಣೆಯ ವಾಸ

ಕಗ್ಗದಾಸಪುರದ ಒಳರಸ್ತೆಗಳಲ್ಲಿ ಒಂದು ಕಟ್ಟಡ ನೋಡಿದರೆ ನೂರು ನೋಡಿದ ಹಾಗೆ. ಥರ್ಟಿ-ಫಾರ್ಟಿ ಸೈಟು, ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಒಂದೊಂದು ಮಹಡಿಗೂ ಎರಡೆರಡು ಮನೆ, ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರೂಮು. ಬಾಡಿಗೆ ಮನೆ ಕೇಳಿಕೊಂಡು ಬಂದವರು ಮೊದಲ ಮಹಡಿಯ ತೇಗದ ಬಾಗಿಲು ತಟ್ಟುತ್ತಾರೆ, ಅದೇ ಯಜಮಾನರ ಮನೆಯಿರಬೇಕು ಅಂತ. ಬಾಗಿಲು ತೆಗೆಯುವುದು ಬಾಗ್ಮನೆ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಯಾರೋ ಹುಡುಗ. "ಓನರ್ ಅಂಕಲ್ ಕೆಳಗಡೆ ಇರ್ತಾರೆ" ಎಂದು ಕೈ ತೋರಿಸುತ್ತಾನೆ. ಕೆಳಗಡೆ ಅಂದರೆ ಪಾರ್ಕಿಂಗಿನ ಹಿಂದೆ, ಸಂಪಿನ ಪಕ್ಕ. ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಆರು ಮನೆಗಳ ಒಡೆಯರು, ಎಪ್ಪತ್ತು ದಾಟಿದ ದಂಪತಿ, ಇರುವುದು ಅಲ್ಲಿ.

ವಯಸ್ಸಾದ ಮೇಲೆ ದೊಡ್ಡ ಮನೆಯಿಂದ ಚಿಕ್ಕದಕ್ಕೆ ಹೋಗುವುದರ ಬಗ್ಗೆ ಹೊರದೇಶಗಳಲ್ಲಿ ದಂಡಿಯಾಗಿ ಬರೆದಿದ್ದಾರೆ. ಮಕ್ಕಳು ದೂರವಾದರು, ಕೋಣೆಗಳು ಖಾಲಿ ಬಿದ್ದವು, ಮಾರಿ ಚಿಕ್ಕದು ಕೊಂಡರು, ಉಳಿದ ದುಡ್ಡಿನಲ್ಲಿ ಬದುಕಿದರು ಎಂಬುದು ಅಲ್ಲಿನ ಕತೆ. ಆಸ್ಟ್ರೇಲಿಯಾದಲ್ಲಿ ಹೀಗೆ ಮನೆ ಮಾರಿದ ಹಿರಿಯರು ಅದರಲ್ಲಿ ತಲಾ 3 ಲಕ್ಷ ಡಾಲರ್‌ವರೆಗೆ ತಮ್ಮ ನಿವೃತ್ತಿ ನಿಧಿಗೆ ಹಾಕಿಕೊಳ್ಳಲು 2018ರಿಂದ ವಿಶೇಷ ಅವಕಾಶವಿದೆ. ಸಿಂಗಪುರದಲ್ಲಿ ದೊಡ್ಡ ಫ್ಲ್ಯಾಟಿನಿಂದ ಚಿಕ್ಕದಕ್ಕೆ ಹೋಗುವ ಹಿರಿಯರಿಗೆ ಸರ್ಕಾರವೇ ಬೋನಸ್ ಕೊಡುತ್ತದೆ. ನಮ್ಮ ಪೂರ್ವ ಬೆಂಗಳೂರಿನಲ್ಲೂ ಮನೆ ಚಿಕ್ಕದಾಗುತ್ತದೆ, ಆದರೆ ಮಾರಾಟದಿಂದಲ್ಲ. ಮನೆ ಇದ್ದಲ್ಲೇ ಇರುತ್ತದೆ; ಅದರೊಳಗೆ ಯಜಮಾನರ ಪಾಲು ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮಗಳ ಮದುವೆಯಾದ ಮೇಲೆ ಎರಡನೇ ಮಹಡಿ ಬಾಡಿಗೆಗೆ ಹೋಯಿತು, ಮಗ ಅಮೆರಿಕಕ್ಕೆ ಹೋದ ಮೇಲೆ ಮೊದಲನೆಯದನ್ನು ಎರಡು ಭಾಗ ಮಾಡಿದರು, ಅಮ್ಮನಿಗೆ ಮಂಡಿನೋವು ಬಂದ ಮೇಲೆ ಕೆಳಗಿಳಿದರು.

ಇದಕ್ಕೆ ಕಾರಣ ಮಣ್ಣಿನ ಮೇಲಿನ ಮೋಹ ಎನ್ನುವವರಿದ್ದಾರೆ. ಮೋಹ ಇಲ್ಲವೆನ್ನಲಾರೆ. ಆದರೆ ದೊಡ್ಡ ಕಾರಣ ಸಿಗುವುದು ಪಿಂಚಣಿಯ ಪಾಸ್‌ಬುಕ್ಕಿನಲ್ಲಿ.

ಬೆಂಗಳೂರಿನ ಈ ಮಗ್ಗುಲನ್ನು ಕಟ್ಟಿದ್ದು ಸಾರ್ವಜನಿಕ ಉದ್ದಿಮೆಗಳು. 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, 1964ರ ಬಿಇಎಂಎಲ್, ಬೈಯಪ್ಪನಹಳ್ಳಿಯಲ್ಲಿದ್ದು ಮುಚ್ಚಿಹೋದ ಎನ್‌ಜಿಇಎಫ್. ಈ ಕಾರ್ಖಾನೆಗಳ ಸೈರನ್ನಿಗೆ ಗಡಿಯಾರ ಸರಿಮಾಡಿಕೊಂಡವರು ತಿಪ್ಪಸಂದ್ರ, ಮಲ್ಲೇಶಪಾಳ್ಯ, ಕಗ್ಗದಾಸಪುರಗಳಲ್ಲಿ ಪಿಎಫ್ ಸಾಲ ಎತ್ತಿ ಸೈಟು ಕೊಂಡರು. ಅವರಲ್ಲಿ ಬಹುಪಾಲು ಜನರಿಗೆ ಸರ್ಕಾರಿ ನೌಕರರಂಥ ಪಿಂಚಣಿ ಇಲ್ಲ. ಇರುವುದು 1995ರ ನವೆಂಬರಿನಲ್ಲಿ ಜಾರಿಗೆ ಬಂದ ಇಪಿಎಸ್-95. ಅದರ ಲೆಕ್ಕ ಸರಳ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳಕ್ಕೆ ಮಿತಿಯಿದೆ; 2014ರವರೆಗೆ 6,500 ರೂಪಾಯಿ, ಆಮೇಲೆ 15,000. ಹೊಸ ಮಿತಿಯಲ್ಲಿ 35 ವರ್ಷ ಪೂರಾ ದುಡಿದವರಿಗೂ ಬರುವುದು ತಿಂಗಳಿಗೆ 7,500. ಹಳೆಯ ಮಿತಿಯ ಕಾಲದಲ್ಲಿ ನಿವೃತ್ತರಾದವರಿಗೆ ಅದರ ಅರ್ಧವೂ ಇಲ್ಲ. ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು; ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಈಚೆಗೆ ಕೆಲವು ಉದ್ದಿಮೆಗಳು ಬೇರೆ ಪಿಂಚಣಿ ನಿಧಿ ಮಾಡಿಕೊಂಡಿವೆ, 2022ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಹೆಚ್ಚಿನ ಪಿಂಚಣಿಗೆ ಅರ್ಜಿ ಹಾಕಿದವರೂ ಇದ್ದಾರೆ. ಆದರೆ ಲೇತ್ ಮೆಷಿನ್ ಮುಂದೆ ಮೂವತ್ತು ವರ್ಷ ನಿಂತು ಹಿಂದೆಯೇ ಮನೆಗೆ ಬಂದವರಿಗೆ ಮೇಲಿನ ಮಹಡಿಯ ಬಾಡಿಗೆಯೇ ಪಿಂಚಣಿ. ಅಂಥವರಿಗೆ "ಕಟ್ಟಡ ಮಾರಿ ಹಾಯಾಗಿ ಒಂದು ಫ್ಲ್ಯಾಟಲ್ಲಿ ಇರಿ" ಎನ್ನುವುದು ಪಿಂಚಣಿ ಬಿಟ್ಟುಕೊಡಿ ಎಂದಂತೆಯೇ.

ಅದೇ ರಸ್ತೆಯ ಇನ್ನೊಂದು ತುದಿಯ ಲೆಕ್ಕ ಬೇರೆ. ಡಿಆರ್‌ಡಿಒ ಪ್ರಯೋಗಾಲಯಗಳಲ್ಲಿ ದುಡಿದವರು ಕೇಂದ್ರ ಸರ್ಕಾರದ ನೌಕರರು. 2004ರ ಜನವರಿಗೆ ಮುಂಚೆ ಸೇರಿದವರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ, ಮೇಲೆ ತುಟ್ಟಿಪರಿಹಾರ. ಇವರಲ್ಲಿ ಅನೇಕರು ಸರ್ವಿಸಿನುದ್ದಕ್ಕೂ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿದ್ದವರು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಲೇಬೇಕು. ಹಾಗಾಗಿ ಅವರ ಮನೆ ಚಿಕ್ಕದಾಗುವುದು ಕಾಯಿದೆಯ ಪ್ರಕಾರ, ಒಂದೇ ಸಲಕ್ಕೆ. ಹತ್ತಿರದಲ್ಲೇ ಒಂದು ಟೂ ಬಿಎಚ್‌ಕೆ ಕೊಂಡು, ಹಳೇ ಸ್ನೇಹಿತರೊಂದಿಗೆ ವಾಕಿಂಗ್ ಮುಂದುವರಿಸುತ್ತಾರೆ. ಬಾಡಿಗೆದಾರರ ಮೋಟಾರ್ ಕೆಟ್ಟರೆ ಇವರ ನಿದ್ದೆ ಕೆಡುವುದಿಲ್ಲ.

ಸಂಪಿನ ಪಕ್ಕದ ಕೋಣೆಗೆ ಇಳಿದವರಿಗೆ ವಾಸ ಚಿಕ್ಕದಾಗುತ್ತದೆ, ಯಜಮಾನಿಕೆ ಚಿಕ್ಕದಾಗುವುದಿಲ್ಲ. ಆರು ಮನೆಗೆ ನೀರು ಬಿಡಬೇಕು. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ಲುಗಳು ಬತ್ತಿದಾಗ ಟ್ಯಾಂಕರಿನವರಿಗೆ ಬೆಳಗಿನ ಜಾವದಿಂದ ಫೋನು ಹಚ್ಚಿ ಕೂತವರು ಇಂಥ ಹಿರಿಯರೇ. ಬಾಡಿಗೆದಾರರು ಬಿಟ್ಟರೆ ಸುಣ್ಣಬಣ್ಣ, ಹೊಸಬರು ಬಂದರೆ ಅಗ್ರಿಮೆಂಟು, ಪೊಲೀಸ್ ವೆರಿಫಿಕೇಶನ್, ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸುವುದು. ಯಾರಿಗಾದರೂ ಅಡ್ವಾನ್ಸ್ ವಾಪಸು ಕೊಡಬೇಕಾಗಿ ಬಂದರೆ ಅಷ್ಟು ದುಡ್ಡನ್ನು ಒಟ್ಟಿಗೆ ಹೊಂದಿಸುವುದು ಬೇರೆ. ಈ ಊರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವ ರೂಢಿ ಬಹಳ ಕಾಲ ನಡೆದುಬಂತು. ಆ ದುಡ್ಡು ಮನೆ ರಿಪೇರಿಗೋ ಮೊಮ್ಮಗನ ನಾಮಕರಣಕ್ಕೋ ಕರಗಿರುತ್ತದೆ.

ಅದಕ್ಕಿಂತ ಅಪಾಯದ್ದು ಭೋಗ್ಯ, ಅಂದರೆ ಎಲ್ಲರೂ ಹೇಳುವ ಲೀಸು. ಬಾಡಿಗೆದಾರರು ಎರಡು ಮೂರು ವರ್ಷಕ್ಕೆ ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಡುತ್ತಾರೆ, ತಿಂಗಳ ಬಾಡಿಗೆ ಕೊಡುವುದಿಲ್ಲ, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುತ್ತಾರೆ. ಮನೆ ಕಟ್ಟುವಾಗ ಕೊನೆಯ ಮಹಡಿಗೆ ದುಡ್ಡು ಸಾಲದೆ ಬಂದಾಗ ಹೊಸ ಮನೆಯನ್ನೇ ಭೋಗ್ಯಕ್ಕೆ ಹಾಕಿ ಕಾಮಗಾರಿ ಮುಗಿಸಿದವರು ಈ ಬೀದಿಗಳಲ್ಲಿ ಬೇಕಾದಷ್ಟಿದ್ದಾರೆ. ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದಾರನನ್ನು ಹುಡುಕಿ ಅವನ ಹಣವನ್ನು ಇವನಿಗೆ ಕೊಡುವುದು. ನಲವತ್ತರ ವಯಸ್ಸಿನಲ್ಲಿ ಇದು ಹೇಗೋ ನಡೆಯುತ್ತದೆ. ಎಪ್ಪತ್ತೈದರಲ್ಲಿ ಬಾಡಿಗೆಯೂ ಬರದ, ಮಾರಲೂ ಆಗದ ಮಹಡಿಯೊಂದು ತಲೆಯ ಮೇಲೆ ಕೂತಿರುತ್ತದೆ. ಒಂದು ವರ್ಷಕ್ಕೂ ಹೆಚ್ಚಿನ ಕರಾರನ್ನು ನೋಂದಣಿ ಮಾಡಿಸಬೇಕೆಂಬ ನಿಯಮವನ್ನು ಹೆಚ್ಚಿನವರು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ನನ್ನನ್ನು ಕೇಳಿದರೆ, ಅರವತ್ತು ದಾಟಿದವರು ಹೊಸದಾಗಿ ಭೋಗ್ಯಕ್ಕೆ ಕೈಹಾಕಬಾರದು.

ಮಾರುವುದೇ ಸರಿ ಎಂದು ತೀರ್ಮಾನಿಸಿದವರಿಗೆ ಮೊದಲು ಎದುರಾಗುವುದು ಕಾಗದ ಪತ್ರ. ಮೂಲ ಪತ್ರಗಳು, ಇಸಿ, ಕಂದಾಯದ ರಸೀದಿ ಎಲ್ಲ ಇದ್ದು, ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುವುದುಂಟು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ರೆವಿನ್ಯೂ ಸೈಟಿನ ಬಿ ಖಾತಾ ಆಗಿದ್ದರೆ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸುಲಭವಲ್ಲ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಇವೆಲ್ಲ ಓಡಾಡಲು ಕಾಲಿರುವಾಗ ಆಗುವ ಕೆಲಸಗಳು. ಮಾರುತ್ತೀರೋ ಬಿಡುತ್ತೀರೋ, ಖಾತೆಯನ್ನಂತೂ ಈಗಲೇ ಸರಿಮಾಡಿಸಿಕೊಳ್ಳಿ.

ಆಮೇಲೆ ತೆರಿಗೆ. ಮನೆ ಚಿಕ್ಕದು ಮಾಡುವವರನ್ನು ನಮ್ಮ ತೆರಿಗೆ ಕಾಯಿದೆ ವಿಚಿತ್ರವಾಗಿ ನೋಡುತ್ತದೆ. ಹಳೆಯ ಮನೆ ಮಾರಿ ಬಂದ ಲಾಭವನ್ನು ಹೊಸ ಮನೆಗೆ ಹಾಕಿದರೆ ವಿನಾಯಿತಿ, ಹಳೆಯ ಕಾಯಿದೆಯಲ್ಲಿ ಸೆಕ್ಷನ್ 54 ಎಂದು ಎಲ್ಲರ ಬಾಯಲ್ಲಿದ್ದದ್ದು. ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಮುಂಚೆ ಇಲ್ಲವೇ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಆದರೆ ವಿನಾಯಿತಿ ಸಿಗುವುದು ಹೊಸ ಮನೆಗೆ ಎಷ್ಟು ಹಾಕಿದಿರೋ ಅಷ್ಟಕ್ಕೆ ಮಾತ್ರ. ದೊಡ್ಡದು ಮಾರಿ ದೊಡ್ಡದೇ ಕೊಂಡವರು ಪಾರು. ಚಿಕ್ಕದು ಕೊಂಡು ಉಳಿದದ್ದನ್ನು ಬದುಕಿಗೆ ಇಟ್ಟುಕೊಳ್ಳುವವರ ಕೈಯಿಂದ ತೆರಿಗೆ.

ಒಂದು ಲೆಕ್ಕ ಹಾಕೋಣ. ಮಾರಾಟದ ಲಾಭ ಒಂದೂವರೆ ಕೋಟಿ ಎಂದುಕೊಳ್ಳಿ. 2001ರ ಏಪ್ರಿಲಿಗೆ ಮುಂಚೆ ಕೊಂಡ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು, ಲಾಭ ಅಷ್ಟು ಇಳಿಯುತ್ತದೆ. ಫ್ಲ್ಯಾಟಿಗೆ ನೋಂದಣಿ ಖರ್ಚೂ ಸೇರಿ 90 ಲಕ್ಷ ಹೋಯಿತು. ಉಳಿದ 60 ಲಕ್ಷದ ಲಾಭಕ್ಕೆ ಶೇಕಡ 12.5ರಂತೆ ತೆರಿಗೆ ಏಳೂವರೆ ಲಕ್ಷ, ಮೇಲೆ ಸರ್ಚಾರ್ಜು, ಸೆಸ್ಸು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಹಣದುಬ್ಬರ ಕಳೆದು ಶೇಕಡ 20ರ ಲೆಕ್ಕವನ್ನೂ ಹಾಕಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸಂಸ್ಥೆಗಳ ಬಾಂಡಿನಲ್ಲಿ 50 ಲಕ್ಷದವರೆಗೆ ಹಾಕಿದರೆ ಅಷ್ಟಕ್ಕೂ ವಿನಾಯಿತಿ, ಆದರೆ ಐದು ವರ್ಷ ಮುಟ್ಟುವಂತಿಲ್ಲ. ಎಪ್ಪತ್ತೆಂಟರ ಅಜ್ಜನಿಗೆ ಐದು ವರ್ಷ ಅಂದರೆ ಏನೆಂದು ಕಾಯಿದೆ ಬರೆದವರು ಯೋಚಿಸಿರಲಾರರು.

ಇದೇ ಕಾಯಿದೆಯಲ್ಲಿ ಇನ್ನೊಂದು ಬಾಗಿಲಿದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಲಾಭ ಎರಡು ಕೋಟಿ ಮೀರದಿದ್ದರೆ, ಜೀವಮಾನದಲ್ಲಿ ಒಂದೇ ಒಂದು ಸಲ, ಒಂದರ ಬದಲು ಎರಡು ಮನೆ ಕೊಂಡು ವಿನಾಯಿತಿ ಪಡೆಯಬಹುದು. ಮೇಲಿನ ಲೆಕ್ಕದಲ್ಲೇ 90 ಲಕ್ಷದ್ದು ವಾಸಕ್ಕೆ, 60 ಲಕ್ಷದ ಚಿಕ್ಕದೊಂದು ಬಾಡಿಗೆಗೆ ಕೊಂಡರೆ ತೆರಿಗೆ ಸೊನ್ನೆ. ಪಿಂಚಣಿಯೂ ಉಳಿಯಿತು, ಆರು ಮನೆಯ ಕಾಟ ಒಂದು ಮನೆಗೆ ಇಳಿಯಿತು. ಇಪಿಎಸ್ ಪಿಂಚಣಿದಾರರಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣುತ್ತಿಲ್ಲ. ಎರಡಕ್ಕೂ ನೋಂದಣಿ ಖರ್ಚಿದೆ ಎಂಬುದು ನೆನಪಿರಲಿ: 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದೆ.

ಇನ್ನು ಕೆಲವರದು ಜಾಯಿಂಟ್ ಡೆವಲಪ್‌ಮೆಂಟ್. ಫಾರ್ಟಿ-ಸಿಕ್ಸ್ಟಿ ಸೈಟನ್ನು ಬಿಲ್ಡರಿಗೆ ಕೊಟ್ಟು, ಎದ್ದ ಕಟ್ಟಡದಲ್ಲಿ ಒಪ್ಪಂದದ ಪಾಲಿನಷ್ಟು ಫ್ಲ್ಯಾಟು ಪಡೆಯುವುದು. ಕಾಗದದ ಮೇಲೆ ಚಂದ. ಕಟ್ಟಡ ಏಳುವವರೆಗೆ ಯಜಮಾನರೇ ಬಾಡಿಗೆ ಮನೆಯಲ್ಲಿರಬೇಕು, ಆ ಬಾಡಿಗೆ ಯಾರು ಕೊಡಬೇಕು, ತಡವಾದರೆ ಏನು ಎಂಬುದನ್ನು ಒಪ್ಪಂದದಲ್ಲಿ ಬರೆಸದವರು ಪಾಡುಪಟ್ಟಿದ್ದಾರೆ.

ಫ್ಲ್ಯಾಟು ನೋಡಲು ಹೋದಾಗ ಕೇಳಬೇಕಾದ್ದು ಕಾರ್ಪೆಟ್ ಏರಿಯಾ. 1,100 ಚದರಡಿ ಎಂದು ಬ್ರೋಕರ್ ಹೇಳುವುದು ಸೂಪರ್ ಬಿಲ್ಟಪ್ಪು. ಅದರಲ್ಲಿ ಮೆಟ್ಟಿಲು, ಲಿಫ್ಟು, ಓಣಿ, ವಾಚ್‌ಮನ್ನನ ರೂಮು ಎಲ್ಲದರ ಪಾಲೂ ಸೇರಿರುತ್ತದೆ. ಒಳಗೆ ಕಾಲಿಟ್ಟು ಓಡಾಡಲು ಸಿಗುವುದು ಎಂಟುನೂರಿದ್ದರೆ ಪುಣ್ಯ. 2016ರ ರೇರಾ ಕಾಯಿದೆ ಬಂದ ಮೇಲೆ ಬಿಲ್ಡರುಗಳು ಕಾರ್ಪೆಟ್ ಏರಿಯಾ ತಿಳಿಸಲೇಬೇಕು. ಆದರೆ ಎಂಟಕ್ಕಿಂತ ಹೆಚ್ಚು ಮನೆ ಇಲ್ಲದ ಯೋಜನೆಗಳಿಗೆ ರೇರಾ ನೋಂದಣಿ ಬೇಡ, ಕಗ್ಗದಾಸಪುರದ ಸಂದಿಗಳಲ್ಲಿ ಏಳುವ ಸಣ್ಣ ಅಪಾರ್ಟ್‌ಮೆಂಟುಗಳು ಎಷ್ಟೋ ಸಲ ಇದೇ ಅಳತೆಯವು. ಅಲ್ಲಿ ಟೇಪನ್ನು ನಾವೇ ಹಿಡಿಯಬೇಕು. ಟೇಪು ಹೇಗೂ ಕೈಯಲ್ಲಿರುವಾಗ ಬಚ್ಚಲುಮನೆಯ ಬಾಗಿಲನ್ನೂ ಅಳೆಯಿರಿ. ಗಾಲಿಕುರ್ಚಿ ಸಲೀಸಾಗಿ ಹೋಗಲು 90 ಸೆಂಟಿಮೀಟರು ಬೇಕು, ಹೆಚ್ಚಿನ ಕಡೆ ಇರುವುದು ಎರಡೂವರೆ ಅಡಿ, ಅಂದರೆ ಸುಮಾರು 75. ನಾಲ್ಕು ಜನರ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ವಾಸ್ತು ನೋಡುವ ಮುಂಚೆ ಇದನ್ನು ನೋಡಿ ಎಂದರೆ ಮುಖ ಸಿಂಡರಿಸುವವರಿದ್ದಾರೆ, ಇರಲಿ.

ಇಷ್ಟೆಲ್ಲ ಲೆಕ್ಕ ಚುಕ್ತಾ ಆದ ಮೇಲೂ ಮನೆ ಬಿಡಲು ತಡವಾಗುವುದು ಅಟ್ಟದ ದೆಸೆಯಿಂದ.

ಮಲ್ಲೇಶಪಾಳ್ಯದ ಕಡೆಯ ಒಂದು ಮನೆಯ ಅಟ್ಟ ಇಳಿಸುವಾಗ ನಾನಲ್ಲಿದ್ದೆ. ಮೊದಲು ಬಂದದ್ದು ತಾಮ್ರದ ಹಂಡೆ, ಗೀಸರ್ ಬಂದಂದಿನಿಂದ ಮೇಲೆ ಸೇರಿದ್ದು. ಆಮೇಲೆ ಪ್ರೆಶರ್ ಕುಕ್ಕರಿನ ರಟ್ಟಿನ ಡಬ್ಬ, ಒಳಗೆ ಕುಕ್ಕರಿಲ್ಲ, ಹಳೆಯ ಲಗ್ನಪತ್ರಿಕೆಗಳು. ಗೋಣಿಯಲ್ಲಿ ಕಟ್ಟಿದ ಕಸ್ತೂರಿ, ಮಯೂರದ ಸಂಚಿಕೆಗಳು. ದಸರಾ ಗೊಂಬೆಯ ಟ್ರಂಕು. ಕೊನೆಗೆ ಸ್ಟೀಲು: ಡಬರಿ, ಕೊಳಗ, ತಟ್ಟೆ, ಲೋಟ, ಮುಗಿಯುವುದೇ ಇಲ್ಲ. ಒಂದೊಂದರ ಕಂಠದ ಮೇಲೂ ಚುಕ್ಕಿಚುಕ್ಕಿಯಾಗಿ ಕೊಟ್ಟವರ ಹೆಸರು, ತಾರೀಖು. ಯಾರ ಮದುವೆಗೆ ಯಾರು ಏನು ಕೊಟ್ಟರು ಎಂಬುದಕ್ಕೆ ಆ ಮನೆಯಲ್ಲಿ ಬೇರೆ ದಾಖಲೆ ಇಲ್ಲ. ಗುಜರಿಯವನು ತಕ್ಕಡಿ ತೆಗೆದ.

"ಅಮ್ಮಾ, ಎಲ್ಲಾ ಒಟ್ಟಿಗೆ ತೂಕಕ್ಕೆ ಹಾಕ್ಬಿಡ್ಲಾ?"

"ಇರಪ್ಪ ಒಂದ್ನಿಮಿಷ, ಹೆಸರು ನೋಡ್ತೀನಿ. ಇದು ನಮ್ಮ ಸೋದರತ್ತೆದು."

"ಸ್ಟೀಲಿಗೆ ಜಾಸ್ತಿ ರೇಟಿಲ್ಲಮ್ಮಾ. ಹಂಡೆ ಕೊಡಿ, ಹಂಡೆಗೆ ಕೊಡ್ತೀನಿ."

ಹಂಡೆ ಹೋಯಿತು, ಸೋದರತ್ತೆಯ ಡಬರಿ ಉಳಿಯಿತು. ತಾಮ್ರ, ಹಿತ್ತಾಳೆಗೆ ಬೆಲೆಯಿದೆ, ಆದರೆ ಯಾರೂ ಹೆಸರು ಹಾಕಿಸಿಲ್ಲದ್ದರಿಂದ ಅವು ಸುಲಭವಾಗಿ ಹೋಗುತ್ತವೆ. ಹೆಸರಿರುವ ಸ್ಟೀಲಿಗೆ ಬೆಲೆಯಿಲ್ಲ, ಅದು ಹೋಗುವುದೂ ಇಲ್ಲ. ಆಕೆ ಕೊನೆಗೆ ಕಂಡುಕೊಂಡ ಉಪಾಯ ಒಳ್ಳೆಯದಿತ್ತು. ಕೊಟ್ಟವರ ಮಕ್ಕಳಿಗೋ ಮೊಮ್ಮಕ್ಕಳಿಗೋ ಅವರವರ ಮನೆಯ ಹೆಸರಿರುವ ಪಾತ್ರೆಯಲ್ಲೇ ಒಂದಿಷ್ಟು ಸಿಹಿ ಹಾಕಿ ಕಳಿಸಿದರು. ಪಾತ್ರೆ ವಾಪಸು ಬೇಡ ಎಂದರು. ಯಾರೂ ಬೇಡವೆನ್ನಲಿಲ್ಲ. ಪಟ್ಟದ ಗೊಂಬೆಗಳು ಮಗಳ ಮನೆಗೆ ಹೋದವು, ಅವು ಹೋಗಬೇಕಾದ ದಾರಿಯೇ ಅದು. ಉಳಿದ ಗೊಂಬೆಗಳನ್ನು ಹೊಸ ಅಪಾರ್ಟ್‌ಮೆಂಟಿನ ಸಂಘದವರು ಕೇಳಿ ಪಡೆದರು, ಈಗ ನವರಾತ್ರಿಗೆ ಕೆಳಗಿನ ಹಾಲಿನಲ್ಲಿ ಕೂರಿಸುತ್ತಾರಂತೆ.

ಪುಸ್ತಕಗಳದು ಇನ್ನೊಂದು ಫಜೀತಿ. ಇಂಗ್ಲಿಷ್ ಪುಸ್ತಕವಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಂ ಇದೆ, ಬ್ರಿಗೇಡ್ ರಸ್ತೆಯ ಪಕ್ಕದಲ್ಲಿ 1945ರಿಂದ ಹಳೇ ಪುಸ್ತಕಗಳಿಗೆ ಹೆಸರಾದ ಸೆಲೆಕ್ಟ್ ಬುಕ್ ಶಾಪ್ ಇದೆ. ಕನ್ನಡದ ಹಳೇ ಕಾದಂಬರಿಗಳನ್ನು ಹೀಗೆ ಒಪ್ಪಿಸುವ ಜಾಗ ಈ ಕಡೆ ಕಮ್ಮಿ. ಯಾವುದಾದರೂ ಸರ್ಕಾರಿ ಶಾಲೆಯ ಮೇಷ್ಟ್ರನ್ನು ಮುಂಚೆಯೇ ಕೇಳಿಟ್ಟುಕೊಳ್ಳುವುದು ವಾಸಿ. ಬೀರು ಮಾತ್ರ ಅಳೆದೇ ಒಯ್ಯಬೇಕು. ಆರೂವರೆ ಅಡಿ ಎತ್ತರದ ಕಬ್ಬಿಣದ ಬೀರು ಲಿಫ್ಟಿನಲ್ಲಿ ಹಿಡಿಸದೆ, ಮೆಟ್ಟಿಲ ತಿರುವಿನಲ್ಲಿ ತಿರುಗದೆ, ಪಾರ್ಕಿಂಗಿನಲ್ಲೇ ನಿಂತುಬಿಟ್ಟದ್ದನ್ನು ಯಾವ ಅಪಾರ್ಟ್‌ಮೆಂಟಿನಲ್ಲಾದರೂ ನೋಡಬಹುದು.

ವರ್ಷದ ಶ್ರಾದ್ಧಕ್ಕೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಜಾಗವೆಲ್ಲಿ ಎಂದು ಕೇಳುವವರಿಗೆ ಉತ್ತರ ಊರೇ ಕೊಟ್ಟಿದೆ. ಮೂರು ಮಹಡಿಯ ಮನೆಯಿದ್ದವರೂ ಶ್ರಾದ್ಧವನ್ನು ಮಠದಲ್ಲಿ, ನಾಮಕರಣವನ್ನು ಪಾರ್ಟಿ ಹಾಲಿನಲ್ಲಿ ಮಾಡಲು ಶುರುಮಾಡಿ ಎಷ್ಟೋ ವರ್ಷವಾಯಿತು.

ಉಳಿಯುವುದು ಮಕ್ಕಳ ವಿಷಯ. "ಯಾಕಪ್ಪಾ ಮಾರ್ತೀರಾ, ನಮ್ಮ ಹೆಸರಿಗೆ ಮಾಡಿ, ನಾವು ನೋಡ್ಕೋತೀವಿ" ಎನ್ನುವ ಮಾತು ಹೆಚ್ಚಿನ ಮನೆಗಳಲ್ಲಿ ಬಂದೇ ಬರುತ್ತದೆ, ಬಹುಪಾಲು ಪ್ರೀತಿಯಿಂದಲೇ. ದಾನಪತ್ರ ಬರೆದುಕೊಡುವ ಮುಂಚೆ 2007ರ ಹಿರಿಯ ನಾಗರಿಕರ ಕಾಯಿದೆಯ ಸೆಕ್ಷನ್ 23 ತಿಳಿದಿರಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನವನ್ನು ರದ್ದು ಮಾಡಿಸಲು ನ್ಯಾಯಮಂಡಳಿಗೆ ಹೋಗಬಹುದು. ಬೆಂಗಳೂರಿನಲ್ಲಿ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ. ಮಧ್ಯಪ್ರದೇಶದ ಒಬ್ಬ ತಾಯಿ ಮಗನ ವಿರುದ್ಧ ಹೂಡಿದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ಆಸ್ತಿಯ ಸ್ವಾಧೀನವನ್ನೂ ಹಿರಿಯರಿಗೆ ವಾಪಸು ಕೊಡಿಸಬಹುದು ಎಂದಿತು. ಆದರೆ ಇಡೀ ವಾದ ನಿಲ್ಲುವುದು ಷರತ್ತು ಇತ್ತೇ ಎಂಬುದರ ಮೇಲೆ. ಪತ್ರ ಬರೆಯುವವರು ಹಳೇ ನಮೂನೆಯಲ್ಲಿ "ಪ್ರೀತಿ ವಿಶ್ವಾಸದಿಂದ" ಎಂದು ಬರೆದು ಮುಗಿಸುತ್ತಾರೆ. ಅದರ ಕೆಳಗೆ ಊಟ, ಔಷಧಿ, ಜೀವ ಇರುವತನಕ ಇಂಥ ಮಹಡಿಯಲ್ಲಿ ವಾಸದ ಹಕ್ಕು, ಬಾಡಿಗೆಯಲ್ಲಿ ಇಷ್ಟು ಪಾಲು ಎಂದು ಬಿಡಿಸಿ ಬರೆಸಬೇಕು. ಮಗನ ಮುಂದೆ ಹೀಗೆಲ್ಲ ಬರೆಸಲು ಸಂಕೋಚವೆನ್ನುವವರು ದಾನಪತ್ರವನ್ನು ಸದ್ಯಕ್ಕೆ ಬಿಟ್ಟು ಉಯಿಲು ಬರೆದಿಡಲಿ. ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಮನೆಯ ಕೀಲಿ ಅಲ್ಲಿಯತನಕ ಕೈಯಲ್ಲೇ ಇರುತ್ತದೆ.